ಟಾಂಗಾ ಕುದುರೆ ಶೇಂಗಾ ಶರ್ಯತ್ತಿಗಿಳಿದ ಚಳಿಗಾಲ

ಶಾಲೆಯ ಹಳದಿ ವ್ಯಾನು ಕೆರೂರಿನ ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ. ಮೊಬೈಲು ಊರಿನ ಒಬ್ಬಿಬ್ಬರ ಅಂಗಿ ಜೇಬಿನಲ್ಲಷ್ಟೇ ಇತ್ತು, ಅದು ಕೂಗಿದರೆ ಸಂತೆಯೆಲ್ಲ ತಿರುಗಿ ನೋಡುತ್ತಿತ್ತು. ದೀಪಾವಳಿ ಮುಗಿದು ಹೊಲದ ಶೇಂಗಾ ಬಳ್ಳಿ ಕಿತ್ತು ಕಣಕ್ಕೆ ಬಿದ್ದವೆಂದರೆ ಹಸಿ ಮಣ್ಣಿನ ಘಮ ಮನೆಯೊಳಗಿನ ಹಾಸಿಗೆಗೂ ಹತ್ತುತ್ತಿತ್ತು. ಶಾಲೆಗೆ ಹೋಗುವಾಗ ಜೇಬಿನಲ್ಲಿ ಹಸಿ ಶೇಂಗಾ, ಬರುವಾಗ ಹುರಿದ ಶೇಂಗಾ. ಆ ದಿನಗಳಲ್ಲಿ ಬೆಳೆದವರಿಗೆ ಬಾಯಲ್ಲಿ ಈಗಲೇ ಆ ರುಚಿ ಬಂದಿರಬೇಕು.

ನಮ್ಮ ಮನೆಯ ಕುದುರೆಯ ಹೆಸರೂ ಶೇಂಗಾ. ಹೆಣ್ಣು ಕುದುರೆ. ಸುಲಿದ ಕಾಳಿನಂಥದೇ ಕೆಂಪು ಮೈ, ಹಣೆಯ ಮೇಲೆ ಬೆರಳಿನಿಂದ ಇಟ್ಟಂತೆ ಒಂದು ಬಿಳಿ ಚುಕ್ಕಿ. ನೋಡುವುದಕ್ಕೆ ದೊಡ್ಡದೇನಲ್ಲ. ನಮ್ಮದು ಕುರಿ ಸಾಕುವ ಮನೆ, ಬೀರಪ್ಪನ ಒಕ್ಕಲು. ಕುರಿ, ನಾಯಿ, ಎರಡು ಎಮ್ಮೆ ಇದ್ದ ಹಟ್ಟಿಯಲ್ಲಿ ಕುದುರೆಯೊಂದು ಬಂದು ನಿಂತದ್ದು ನೀಲವ್ವ ಅತ್ತೆಯ ಜೊತೆಗೆ.

ನೀಲವ್ವ ಅತ್ತೆ ಅಪ್ಪನ ತಂಗಿ. ಆಕೆಯ ಗಂಡ ಸಿದ್ದಪ್ಪ ಮಾಮಾ ಬಾಗಲಕೋಟೆಯ ಸ್ಟೇಶನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದ. ಹಳೆಯ ಊರಿಗೆ ಅಣೆಕಟ್ಟಿನ ಹಿನ್ನೀರು ಬಂದು ಜನರೆಲ್ಲ ನವನಗರಕ್ಕೆ ಎದ್ದುಹೋದ ಮೇಲೆ ಟಾಂಗಾ ಹತ್ತುವವರು ಕಡಿಮೆಯಾದರು, ಆಟೋಗಳು ಹೆಚ್ಚಾದವು. ಅದೇ ಹೊತ್ತಿಗೆ ಮಾಮಾನ ಮೊಣಕಾಲು ಕೆಟ್ಟಿತು. ಮಕ್ಕಳಿಲ್ಲದ ಗಂಡ ಹೆಂಡತಿ ಟಾಂಗಾದಲ್ಲಿ ಎರಡು ಟ್ರಂಕು, ಒಂದು ಬೀಸುವ ಕಲ್ಲು ಹೇರಿಕೊಂಡು ಕೆರೂರಿಗೆ ಬಂದರು. ಮಾಮಾ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ. ಲಗಾಮು ಅತ್ತೆಯ ಕೈಯಲ್ಲಿತ್ತು. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು.

ಮಾರನೇ ವಾರವೇ ಅತ್ತೆ ಬಸ್‌ಸ್ಟ್ಯಾಂಡಿನ ಎದುರು ಟಾಂಗಾ ನಿಲ್ಲಿಸಿದಳು. ಸಂತೆಯ ದಿನ ಉಳ್ಳಾಗಡ್ಡಿ ಚೀಲ, ಉಳಿದ ದಿನ ಸುತ್ತಲಿನ ಹಳ್ಳಿಗೆ ಹೋಗುವ ಮಂದಿ. ಬೆಳಿಗ್ಗೆ ನಾವು, ಓಣಿಯ ಮಕ್ಕಳು. ನಾವು ಎಷ್ಟು ಜನ ಹತ್ತುತ್ತಿದ್ದೆವೆಂದರೆ ಹಿಂದೆ ಭಾರವಾಗಿ ಮುಂದಿನ ಮೂಕಿ ಮೇಲೇಳುತ್ತಿತ್ತು. ಶೇಂಗಾ ತಿರುಗಿ ನೋಡಿ ಮೂಗಿನಿಂದ ಒಂದು ಉಸಿರು ಬಿಟ್ಟು ಹೊರಡುತ್ತಿತ್ತು. ಬೆವೆತ ಮೈ, ತೊಗಲಿನ ಪಟ್ಟಿ, ನೆನೆಸಿದ ಹುರುಳಿ, ಇವೆಲ್ಲ ಕೂಡಿದ ಒಂದು ವಾಸನೆ ನಮ್ಮ ಪಾಟೀಚೀಲಕ್ಕೂ ಹತ್ತಿರುತ್ತಿತ್ತು. "ಗಂಗಿ ಬಂದ್ಳು ನೋಡ್ರಿ, ಕುದರಿ ವಾಸನಿ ಬಂತು" ಎಂದು ಗೆಳತಿಯರು ಕಾಡಿಸುತ್ತಿದ್ದರು. ನನಗೆ ಅದರಿಂದ ಹೆಮ್ಮೆಯೇ ಆಗುತ್ತಿತ್ತು.

ಆದರೆ ಕೆರೂರಿಗೂ ಆಟೋ ಬಂದವು. ಒಂದು ಸಂಜೆ ಅಪ್ಪ ಕುರಿ ಹಟ್ಟಿಗೆ ಹೊಡೆದು ಬಂದವನು ಅತ್ತೆಯನ್ನು ಕೂರಿಸಿಕೊಂಡು ಹೇಳಿದ.

"ನೀಲಾ, ಕುದರಿ ಮಂದಿ ಮನ್ಯಾಗ ಚಂದ. ಸುಗ್ಗಿ ಮುಗಿಯೂದ್ರಾಗ ಯಾರಿಗಾದ್ರೂ ಕೊಟ್ಟುಬಿಡೂಣು. ನಿನಗ ಒಂದು ಹತ್ತು ಕುರಿ ಮಾಡಿ ಕೊಡ್ತೀನಿ."

ಅತ್ತೆಗಿಂತ ಮೊದಲೇ ಕಟ್ಟೆಯ ಮೇಲಿದ್ದ ಮಾಮಾ ಬಾಯಿ ಹಾಕಿದ. "ಕುರಿ ಶರ್ಯತ್ತಿಗೆ ಓಡ್ತಾವೇನ್ರಿ?"

ನಮ್ಮ ಕಡೆ ಸುಗ್ಗಿಯ ದಿನಗಳಲ್ಲಿ ಕುದುರೆ ಗಾಡಿಯ ಶರ್ಯತ್ತು ನಡೆಯುತ್ತಿದ್ದವು. ಗಾಡಿಯಲ್ಲಿ ಇಬ್ಬರು ಕೂಡಬೇಕು. ಕುದುರೆ ಒಂದೇ ಚಾಲಿನಲ್ಲಿ, ಕಾಲು ಕತ್ತರಿಯಾಡಿಸುತ್ತ ಓಡಬೇಕು. ಅದಕ್ಕೆ ದುಡಕಿ ಎನ್ನುತ್ತಿದ್ದರು. ಹುರುಪಿಗೆ ಬಿದ್ದು ನೆಗೆದು ದೌಡಾಯಿಸಿತೋ, ಪಕ್ಕದಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಬರುವ ಪಂಚರು ಕೆಂಪು ವಸ್ತ್ರ ಬೀಸಿ ಆ ಗಾಡಿಯನ್ನು ಹೊರಗೆ ಹಾಕುತ್ತಿದ್ದರು. ವೇಗದ ಕುದುರೆಗಳು ಬಹಳ ಇದ್ದವು, ವೇಗ ಹೆಚ್ಚಿದಾಗಲೂ ಚಾಲು ಕೆಡದ ಕುದುರೆಗಳು ಕಡಿಮೆ. ಮಾಮಾನ ಲೆಕ್ಕ ಅಲ್ಲಿತ್ತು. ಬಾಣಂತಿಯರನ್ನೂ ತತ್ತಿಯ ಬುಟ್ಟಿಗಳನ್ನೂ ಹೊತ್ತು ವರ್ಷಗಟ್ಟಲೆ ಓಡಿದ ಶೇಂಗಾ ಹುಟ್ಟಿದಾಗಿನಿಂದ ನೆಗೆದದ್ದೇ ಇಲ್ಲ.

ಮೊದಲ ಶರ್ಯತ್ತು ತುಳಸಿಗೇರಿಯ ಹೊರಗೆ, ಒಂದು ಶನಿವಾರ. ಟಾಂಗಾದ ಮೇಲಿನ ಛತ್ತು ಬಿಚ್ಚಿಟ್ಟು ಅತ್ತೆ ಮುಂದೆ ಕೂತಳು, ನಾನು ಪಕ್ಕದಲ್ಲಿ. ಆಯಿ, ಎಂದರೆ ನನ್ನ ಅಜ್ಜಿ, ಹೊರಡುವಾಗ ಶೇಂಗಾಳ ಹಣೆಗೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚಿದ್ದಳು. ಹೆಂಗಸೊಬ್ಬಳು ಗಾಡಿ ಹೊಡೆಯುವುದನ್ನು ಕಂಡು ಸೇರಿದವರು ನಕ್ಕರು, ಆದರೆ ಬೇಡವೆನ್ನಲಿಲ್ಲ. ಸಣ್ಣ ಶರ್ಯತ್ತು, ನೋಡುವವರಿಗೂ ಒಂದು ಮೋಜು ಬೇಕಿತ್ತು.

ಬಾವುಟ ಬಿತ್ತು. ಶೇಂಗಾ ಹೊರಟ ರಭಸಕ್ಕೆ ನಾನು ಅತ್ತೆಯ ಸೊಂಟ ಹಿಡಿದುಕೊಂಡೆ. ಒಂದು ಗಾಡಿ ಹಿಂದೆ ಬಿತ್ತು, ಇನ್ನೊಂದೂ ಬಿತ್ತು. ಗಾಳಿಗೆ ಕಣ್ಣಲ್ಲಿ ನೀರು ಬಂದವು. ಆಗ ರಸ್ತೆಯ ಎರಡೂ ಬದಿಗೆ ನಿಂತ ಮಂದಿ ಹುರುಪಿನಿಂದ ಕೈ ಎತ್ತಿ ಕೂಗಿದರು.

ಶೇಂಗಾ ನಿಂತಿತು.

ಟಾಂಗಾ ಕುದುರೆಗೆ ಕೈ ಎತ್ತಿದವರೆಲ್ಲ ಹತ್ತುವವರೇ. ಅದು ತನ್ನ ಕಸುಬು ಬಿಡಲಿಲ್ಲ. ರಸ್ತೆಯ ಎಡಕ್ಕೆ ಸರಿದು, ಹತ್ತುವವರಿಗೆ ಅನುಕೂಲವಾಗುವಂತೆ ಸೊಗಸಾಗಿ ನಿಂತುಕೊಂಡಿತು. ಅತ್ತೆ "ನಡೀ, ನಡೀ ನನ್ನವ್ವಾ" ಎಂದು ಲಗಾಮು ಅಲ್ಲಾಡಿಸಿ ಮತ್ತೆ ಹೊರಡಿಸಿದಳು. ಹತ್ತು ಮಾರು ಹೋಗುವುದರೊಳಗೆ ಇನ್ನೊಂದು ಗುಂಪು ಕೈ ಎತ್ತಿತು, ಶೇಂಗಾ ಮತ್ತೆ ನಿಂತಿತು. ಅಷ್ಟರಲ್ಲಿ ಹೆಗಲ ಮೇಲೆ ಚೀಲ ಹಾಕಿಕೊಂಡ ಮುದುಕನೊಬ್ಬ ಹಿಂದಿನಿಂದ ಹತ್ತಿ ಕೂತೇಬಿಟ್ಟ.

"ಹಣಮಪ್ಪನ ಗುಡಿತನಾ ಬಿಡವಾ."

"ಯಜ್ಜಾ, ಇದು ಶರ್ಯತ್ತಿನ ಗಾಡಿ ಐತಿ" ಎಂದಳು ಅತ್ತೆ.

"ಇರ್ಲೇಳು. ನನಗೇನೂ ಗಡಿಬಿಡಿ ಇಲ್ಲ."

ಉಳಿದ ಗಾಡಿಗಳು ಕಣ್ಣಿಗೆ ಕಾಣದಷ್ಟು ದೂರ ಹೋಗಿದ್ದವು. ಅತ್ತೆ ನನ್ನ ಮುಖ ನೋಡಿದಳು, ನಾನು ಆಕೆಯ ಮುಖ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅತ್ತೆ ಟಾಂಗಾ ತಿರುಗಿಸಿ ಮುದುಕನನ್ನು ಗುಡಿಯ ಮುಂದೆ ಇಳಿಸಿದಳು, ನಾವೂ ಇಳಿದು ಕಾಯಿ ಒಡೆಸಿದೆವು. ಅಂದು ಸಂಜೆ ಕೆರೂರಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ, "ಅಂದ ಮ್ಯಾಲೆ ಕುದರಿ ನಮ್ಮಲ್ಲಿ ಸುಗ್ಗಿ ಮುಗಿಯೂತನಾ ಅಷ್ಟ" ಎಂದ. ಅತ್ತೆಯ ನಗು ಅಲ್ಲಿಗೆ ನಿಂತಿತು. ಆ ರಾತ್ರಿ ಆಕೆ ಉಣ್ಣಲಿಲ್ಲ.

ಬೆಳಿಗ್ಗೆ ಅತ್ತೆ ಓಣಿಯ ಮಕ್ಕಳನ್ನೆಲ್ಲ ಕರೆದಳು. "ನೀವೆಲ್ಲಾ ದಿನಾ ಸಂಜಿಮುಂದ ಕಣದ ಹಾದಿಗೆ ಬರಬೇಕು. ಸಾಲಾಗಿ ನಿಂತು ಕೈ ಎತ್ತಬೇಕು. ಒದರಬೇಕು. ಯಾರೂ ಹತ್ತಬಾರದು."

ಮಕ್ಕಳಿಗೆ ಒದರು ಎಂದು ಹೇಳಿದ ಹಿರಿಯರನ್ನು ನಾವು ಅಲ್ಲಿಯವರೆಗೆ ಕಂಡಿರಲಿಲ್ಲ. ಚಿಣಿಫಣಿ ಆಟ ಬಿಟ್ಟು, ಕುಂಟಾಬಿಲ್ಲಿ ಆಟ ಬಿಟ್ಟು ಎಲ್ಲರೂ ಬಂದೆವು. ಹಾದಿಯ ಆ ತುದಿಯಲ್ಲಿ ಆಯಿ ಉಡಿತುಂಬ ಶೇಂಗಾ ಇಟ್ಟುಕೊಂಡು ಕೂತಳು. ನಮ್ಮನ್ನೆಲ್ಲ ದಾಟಿ ಬಂದರೆ ಮಾತ್ರ ಕುದುರೆಗೆ ಕಾಳು. ಮೊದಲ ಸಂಜೆ ಶೇಂಗಾ ಸಾಲಿನ ಮೊದಲ ಹುಡುಗನ ಮುಂದೆಯೇ ನಿಂತಿತು. ಅವನು ಕೈ ಇಳಿಸಿದ ಮೇಲೆ ಎರಡನೆಯವನ ಮುಂದೆ ನಿಂತಿತು. ಹಾಗೆ ಪ್ರತಿಯೊಬ್ಬರ ಮುಂದೆಯೂ ನಿಂತು, ಯಾರೂ ಹತ್ತದ್ದಕ್ಕೆ ಬೇಸರಪಟ್ಟು, ಕತ್ತಲಾಗುವ ಹೊತ್ತಿಗೆ ಆಯಿಯ ಹತ್ತಿರ ಬಂತು. ಅತ್ತೆ ಒಮ್ಮೆಯೂ ಹೊಡೆಯಲಿಲ್ಲ. ಚಾಟಿ ಗೂಟಕ್ಕೆ ತೂಗುತ್ತಿತ್ತು. "ಇಂವ ನಮ್ಮ ಗಿರಾಕಿ ಅಲ್ಲವ್ವಾ, ನಡಿ" ಎಂದು ಪ್ರತಿ ಸಲ ಸಮಾಧಾನದಿಂದ ಹೇಳುತ್ತಿದ್ದಳು. ಕಟ್ಟೆಯಿಂದ ಕಣಕ್ಕೆ ಕುಂಟುತ್ತ ಬಂದ ಮಾಮಾ ದೊಡ್ಡ ದನಿಯಲ್ಲಿ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದ. ಯಾರೂ ಅವನ ಮಾತು ಕೇಳುತ್ತಿರಲಿಲ್ಲ, ಅದರಿಂದ ಅವನ ಹುರುಪೇನೂ ಕಡಿಮೆಯಾಗುತ್ತಿರಲಿಲ್ಲ.

ದಿನಗಳು ಹೋದವು. ಎಳ್ಳಮಾಸಿ, ಎಂದರೆ ಎಳ್ಳು ಅಮಾವಾಸ್ಯೆ, ಹತ್ತಿರ ಬಂತು. ಹೊಲದಲ್ಲಿ ಬಿಳಿಜೋಳ ತೆನೆಗೂಡಿತು. ಆ ಹೊತ್ತಿಗೆ ನಮ್ಮ ಸಾಲಿಗೆ ದೊಡ್ಡವರೂ ಬಂದು ಸೇರಿದ್ದರು. ಹೊಲದಿಂದ ಮರಳುವ ಹೆಂಗಸರು ತಲೆಯ ಮೇಲಿನ ಬುಟ್ಟಿ ಇಳಿಸಿ, ಒಂದೆರಡು ಸಲ ಕೈ ಎತ್ತಿ ಕೂಗಿ, ನಕ್ಕು ಮುಂದೆ ಹೋಗುತ್ತಿದ್ದರು. ಬಸ್ಸಿನ ಕಂಡಕ್ಟರನೊಬ್ಬ ಬಂದು ಸೀಟಿ ಊದಿ ನೋಡಿದ. ಒಂದು ಸಂಜೆ ಶೇಂಗಾ ಕಿವಿ ಮುಂದೆ ಮಾಡಿಕೊಂಡು ಹೊರಟದ್ದು ಮೊದಲ ಹುಡುಗನನ್ನು ದಾಟಿತು, ಹೆಂಗಸರನ್ನು ದಾಟಿತು. ನಾನು ಕೊನೆಯಲ್ಲಿ ನಿಂತಿದ್ದೆ. ಎರಡೂ ಕೈ ಎತ್ತಿ "ಶೇಂಗಾ, ಶೇಂಗಾ" ಎಂದು ಕೂಗಿದೆ. ನನ್ನ ಕಡೆ ಕಣ್ಣು ಕೂಡ ತಿರುಗಿಸದೆ ಧೂಳೆಬ್ಬಿಸಿ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನಾನೂ ತಟ್ಟಿದೆ. ಆಮೇಲೆ ಸಾಲು ಬಿಟ್ಟು ಒಬ್ಬಳೇ ಹೊಲದ ಬದುವಿಗೆ ಹೋಗಿ ನಿಂತೆ. ಅತ್ತೆ ಗಾಡಿ ತಿರುಗಿಸಿಕೊಂಡು ಬಂದವಳೇ ನನ್ನ ಮುಖ ನೋಡಿ ಇಳಿದಳು.

"ಯಾಕ ಗಂಗವ್ವಾ, ಸಿಟ್ಟ ಬಂತೇನ?"

"ನನಗೂ ನಿಂದರಲಿಲ್ಲ."

"ನಿನಗ ನಿಂತಿದ್ರ ಎಲ್ಲಾರಿಗೂ ನಿಂತಂಗ ಆಗ್ತಿತ್ತು. ಬಾ, ಈಗ ನೀನ ಮನಿತನಾ ಹೊಡಿ." ಅಂದು ಮೊದಲ ಸಲ ಲಗಾಮು ನನ್ನ ಕೈಗೆ ಬಂತು.

ಮರುದಿನ ಬೆಳಿಗ್ಗೆ ಹೊಸ ಪೇಚಾಟ. ಶಾಲೆಗೆ ಹೊರಟ ಮಕ್ಕಳು ಕೈ ಎತ್ತಿದರೆ ಶೇಂಗಾ ಅವರನ್ನೂ ಬಿಟ್ಟು ಹೋಗತೊಡಗಿತು. ಪಾಟೀಚೀಲ ಹಿಡಿದು ಹಿಂದೆ ಓಡಿ ಓಡಿ ಸಾಕಾಯಿತು. ಕೊನೆಗೆ ಛತ್ತು ಇದ್ದ ದಿನ ನಿಲ್ಲಬೇಕು, ಛತ್ತು ಬಿಚ್ಚಿದ ದಿನ ಓಡಬೇಕು ಎಂಬುದನ್ನು ಅದು ತಾನೇ ಕಲಿಯಿತು. "ನಾನ ಕಲಸಿದ್ದು" ಎಂದು ಮಾಮಾ ಬಸ್‌ಸ್ಟ್ಯಾಂಡಿನವರೆಗೂ ಹೇಳಿಕೊಂಡು ಬಂದ.

ಎಳ್ಳಮಾಸಿಯ ಮರುವಾರ ಬಾದಾಮಿಯ ಹತ್ತಿರ ಶರ್ಯತ್ತು. ಕೆಂಪು ಗುಡ್ಡದ ಸಾಲನ್ನು ಬಲಕ್ಕೆ ಇಟ್ಟುಕೊಂಡು ಓಡುವ ರಸ್ತೆ. ಮುಂದಿದ್ದ ಕುದುರೆ ಮಂದಿಯ ಕೂಗಿಗೆ ಬೆದರಿ ನೆಗೆಯಿತು, ಕೆಂಪು ವಸ್ತ್ರ ಬೀಸಿದರು. ಎರಡನೆಯದೂ ನೆಗೆಯಿತು. ಶೇಂಗಾ ತತ್ತಿಯ ಬುಟ್ಟಿ ಹೊತ್ತಂತೆ ಚಾಲು ಕೆಡಿಸದೆ, ಆದರೆ ಹಿಂದೆಂದೂ ಕಾಣದ ವೇಗದಲ್ಲಿ ಎಲ್ಲರ ನಡುವೆ ದಾರಿ ಮಾಡಿಕೊಂಡಿತು. ಗೆದ್ದೆವೆಂದು ನಮಗೆ ತಿಳಿದದ್ದೇ ಎದುರಿಗೆ ಯಾರೂ ಇಲ್ಲವೆಂದು ಕಂಡಾಗ. ಆಮೇಲೆ ಗೆಲುವುಗಳ ಸಾಲೇ ಬಂತು. ಸಂಕ್ರಮಣಕ್ಕೆ ಒಂದು, ಬಾಗಲಕೋಟೆಯ ಹೊರಗೆ ಒಂದು, ತುಳಸಿಗೇರಿಯಲ್ಲಿ ನಮ್ಮನ್ನು ನೋಡಿ ನಕ್ಕವರ ಎದುರಿಗೇ ಒಂದು. ಪ್ರತಿ ಗೆಲುವಿಗೂ ಆಯಿ ಶೇಂಗಾ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು. ಹಟ್ಟಿಯ ಡೊಳ್ಳು ಹಬ್ಬವಿಲ್ಲದೆಯೂ ಗೂಟದಿಂದ ಇಳಿಯಿತು. ಸ್ಟುಡಿಯೋದವನು ಕ್ಯಾಮೆರಾ ಹಿಡಿದು ಮನೆಗೇ ಬಂದ. ಆ ಫೋಟೋದಲ್ಲಿ ಮಾಮಾ ನಡುವೆ ನಿಂತಿದ್ದಾನೆ, ಅತ್ತೆಯ ಅರ್ಧ ಮುಖ ಕುದುರೆಯ ಕತ್ತಿನ ಹಿಂದಿದೆ. ಕುದುರೆ ಕೊಡುವ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ಬಿಟ್ಟೆನೆಂದೂ ಹೇಳಲಿಲ್ಲ.

ಕೊನೆಯ ಶರ್ಯತ್ತು ಇಳಕಲ್ಲಿನ ಹೊರಗೆ. ಅದು ದೊಡ್ಡದು, ದೂರದ ಊರುಗಳಿಂದ ಗಾಡಿ ಬರುತ್ತಿದ್ದವು. ಶೇಂಗಾ ದಣಿಯಬಾರದೆಂದು ಕೆಲವು ದಿನ ಮೊದಲೇ ಮನೆಮಂದಿಯೆಲ್ಲ ಹೊರಟೆವು. ಟಾಂಗಾದಲ್ಲಿ ಅತ್ತೆ, ಮಾಮಾ, ಆಯಿ, ನಾನು. ಅಪ್ಪ ಕುರಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಸ್ಸಿಗೆ ಬರುತ್ತೇನೆಂದ. ಅಮೀನಗಡದಲ್ಲಿ ಕರದಂಟು ತಿಂದೆವು, ರಾಮಥಾಳದ ಬೀಗರ ಮನೆಯಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಉಂಡೆವು. ಇಳಕಲ್ಲಿನಲ್ಲಿ ಮಾಮಾನ ಹಳೆಯ ಗಿರಾಕಿಯೊಬ್ಬರ ಮನೆಗೆ ಇಳಿದೆವು. ನೇಕಾರರು. ಹಿಂದೆ ಸೀರೆಯ ಗಂಟು ಹೊತ್ತು ಬಾಗಲಕೋಟೆ ಸ್ಟೇಶನ್ನಿಗೆ ಬಂದಾಗಲೆಲ್ಲ ಶೇಂಗಾಳ ಟಾಂಗಾವನ್ನೇ ಹತ್ತುತ್ತಿದ್ದವರು. ಒಳಗೆ ಕುಣಿಮಗ್ಗ ಲಟಪಟ ಎನ್ನುತ್ತಿತ್ತು, ಹೊರಗೆ ಶೇಂಗಾ ಆ ಸದ್ದಿಗೆ ಕಿವಿ ಅಲ್ಲಾಡಿಸುತ್ತ ನಿಂತಿತ್ತು.

ಶರ್ಯತ್ತಿನ ದಿನ ಬೆಳಿಗ್ಗೆ ಹೆಸರು ಬರೆಸಲು ಹೋದಾಗ ಪಂಚರು ತಲೆ ಅಲ್ಲಾಡಿಸಿದರು. "ಹೆಣಮಕ್ಕಳು ಹೊಡ್ಯಾಕ ಬರೂದಿಲ್ಲವಾ. ಇದು ದೊಡ್ಡ ಶರ್ಯತ್ತು. ನಾಳೆ ಏನರ ಆದ್ರ ನಮ್ಮ ಮ್ಯಾಲೆ ಬರ್ತದ."

"ಇಷ್ಟ ದಿನಾ ಹೊಡದೇನಿ ಅಲ್ರಿ" ಎಂದಳು ಅತ್ತೆ.

"ಅಲ್ಲಿದು ಅಲ್ಲಿ."

ಅತ್ತೆ ಕೈಯಲ್ಲಿದ್ದ ಲಗಾಮನ್ನು ನೋಡುತ್ತ ನಿಂತಳು. ಇಷ್ಟು ದೂರ ಬಂದದ್ದು, ಓಣಿಯ ಮಂದಿ ಬಸ್ಸು ತುಂಬಿ ಬರುತ್ತಿರುವುದು, ಕುದುರೆಯ ಬಗ್ಗೆ ಅಪ್ಪ ಇನ್ನೂ ಹೇಳದ ತೀರ್ಮಾನ, ಎಲ್ಲವೂ ಆ ನಿಲುವಿನಲ್ಲಿತ್ತು. ಆಗ ಮಾಮಾ ಕುಂಟುತ್ತ ಮುಂದೆ ಬಂದ.

"ನನ್ನ ಹೆಸರು ಬರೀರಿ. ಸಿದ್ದಪ್ಪ, ಕೆರೂರ. ಬಾಜೂಕ ಆಕಿ ಕುಂದ್ರತಾಳ. ಅದಕ್ಕೇನೂ ಅಡ್ಡಿಲ್ಲಲ್ಲ?"

ಅದಕ್ಕೆ ಅಡ್ಡಿ ಇರಲಿಲ್ಲ. ಅತ್ತೆ ಮಾತ್ರ ಗಂಡನನ್ನು ಪಕ್ಕಕ್ಕೆ ಎಳೆದಳು. "ಮೊಣಕಾಲು ಮಡಚಾಕ ಬರೂದಿಲ್ಲ, ಹೆಂಗ ಹೊಡಿತೀರಿ? ಬಿಟ್ಟುಬಿಡ್ರಿ, ಮನಿಗೆ ಹೋಗೂಣು."

"ನೀ ಸುಮ್ಕ ಹತ್ತು" ಎಂದ ಮಾಮಾ.

ಮಕ್ಕಳನ್ನು ಗಾಡಿಯಲ್ಲಿ ಬಿಡುವುದಿಲ್ಲವೆಂದರು. ಹಾಗಾಗಿ ನಾನು ಅಪ್ಪ, ಆಯಿಯರ ಜೊತೆ ಮುಗಿತಾಯದ ಗೆರೆಯ ಹತ್ತಿರ ನಿಂತೆ. ದೂರದ ತಿರುವಿನವರೆಗೆ ಹೋಗಿ ಮರಳಬೇಕಿತ್ತು. ಬಾವುಟ ಬಿದ್ದಾಗ ಲಗಾಮು ಮಾಮಾನ ಕೈಯಲ್ಲಿತ್ತು, ಅತ್ತೆ ತಲೆ ತುಂಬ ಸೆರಗು ಹೊದ್ದು ಪಕ್ಕದಲ್ಲಿ ಕೂತಿದ್ದಳು. ಅವರ ಹಿಂದೆ ಧೂಳು ಮುಚ್ಚಿಕೊಂಡಿತು. ಆಮೇಲೆ ನಮಗಿದ್ದದ್ದು ಮೈಕಿನವನ ದನಿ ಮಾತ್ರ. ಹುನಗುಂದದ ಇಮಾಮಸಾಬರ ಬಿಳಿ ಕುದುರೆ ಮುಂದಿದೆಯೆಂದ. ಅದು ಆ ಸುತ್ತಿನಲ್ಲೆಲ್ಲ ಹೆಸರಾದ ಕುದುರೆ. ಕೆರೂರಿನ ಸಿದ್ದಪ್ಪನವರ ಗಾಡಿ ನಾಲ್ಕನೆಯದೆಂದ. ತಿರುವು ದಾಟಿದ ಮೇಲೆ ಮೂರನೆಯದೆಂದ. ಅಪ್ಪ ನನ್ನ ಭುಜದ ಮೇಲಿಟ್ಟಿದ್ದ ಕೈ ಬಿಗಿಯಾಗುತ್ತ ಬಂತು. ಒಂದು ಗಾಡಿ ನೆಗೆದು ಹೊರಬಿತ್ತೆಂದು ಮೈಕು ಹೇಳಿತು. ಯಾವುದೆಂದು ಹೇಳುವುದರೊಳಗೆ ಕರೆಂಟು ಹೋಯಿತು.

ಆಯಿ ಕಣ್ಣು ಮುಚ್ಚಿ "ಬೀರಪ್ಪಾ" ಎಂದಳು.

ಧೂಳಿನೊಳಗಿಂದ ಮೊದಲು ಬಿಳಿ ಕುದುರೆ ಕಂಡಿತು. ಅದರ ಪಕ್ಕೆಗೆ ಅಂಟಿಕೊಂಡಂತೆ ಕೆಂಪು ಕುದುರೆ. ಎರಡೂ ಒಂದೇ ಚಾಲಿನಲ್ಲಿ, ಎಂಟೂ ಗೊರಸು ಒಂದೇ ತಾಳಕ್ಕೆ ಬೀಳುವಂತೆ ಬರುತ್ತಿದ್ದವು. ಹತ್ತಿರ ಬಂದಾಗ ನಮಗೆ ಕಂಡದ್ದು ಇಷ್ಟು: ಲಗಾಮು ಅತ್ತೆಯ ಕೈಯಲ್ಲಿತ್ತು. ಸೆರಗು ಸೊಂಟಕ್ಕೆ ಬಿಗಿದಿತ್ತು, ಮುಂದಕ್ಕೆ ಬಾಗಿ ಕುದುರೆಯ ಕಿವಿಗೆ ಏನೋ ಹೇಳುತ್ತಿದ್ದಳು. ಮಾಮಾ ಕಾಲು ಹೊರಚಾಚಿ, ಎರಡೂ ಕೈಯಿಂದ ಹಲಗೆ ಅವಚಿಕೊಂಡು, ಕಣ್ಣು ಮುಚ್ಚಿ ಕೂತಿದ್ದ. ಸಾವಿರ ಕೈ ಮೇಲೆದ್ದವು. ಶೇಂಗಾ ನಿಲ್ಲಲಿಲ್ಲ. ಕತ್ತು ಉದ್ದ ಮಾಡಿ, ಗೆರೆಯನ್ನು ಬಿಳಿ ಕುದುರೆಗಿಂತ ಒಂದು ಮೂತಿಯಷ್ಟು ಮೊದಲು ದಾಟಿತು.

ಅಪ್ಪ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಅಷ್ಟು ದೊಡ್ಡವಳಾದ ಮೇಲೆ ಅವನು ನನ್ನನ್ನು ಎತ್ತಿದ್ದು ಅದೊಂದೇ ಸಲ.

ಕರೆಂಟು ಬಂತು. ಪಂಚರು ಸಿದ್ದಪ್ಪನ ಹೆಸರು ಕೂಗಿ ರುಮಾಲು ಕಟ್ಟಲು ಕರೆದರು. ಮಾಮಾ ಕುಂಟುತ್ತ ಹೋಗಿ ಮೈಕು ಇಸಿದುಕೊಂಡ. ಜೀವಮಾನವಿಡೀ ಎಲ್ಲ ಗೆಲುವನ್ನೂ ತನ್ನದೇ ಎಂದು ಹೇಳಿಕೊಂಡವನು ಅವನು. ಏನು ಹೇಳುತ್ತಾನೋ ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

"ಗಾಡಿ ಹೊಡದಾಕಿ ನನ್ನ ಹೆಂಡ್ತಿ ನೀಲವ್ವ" ಎಂದ. "ತಿರುವಿನಾಗ ನಾನ ಲಗಾಮು ಕೊಟ್ಟೆ. ಅಲ್ಲಿಂದ ಇಲ್ಲಿತನಾ ನಾ ಬರೇ ಪ್ಯಾಸೆಂಜರ್ ರಿ."

ಗದ್ದಲವೆದ್ದಿತು. ಪಂಚರು ತಮ್ಮತಮ್ಮಲ್ಲೇ ಮಾತಾಡಿಕೊಂಡರು, ಗೆಲುವು ನಡೆಯುವುದಿಲ್ಲ ಎಂದರು ಕೆಲವರು. ಆಗ ಬಿಳಿ ಕುದುರೆಯ ಇಮಾಮಸಾಬರು ಲಗಾಮನ್ನು ಮಗನ ಕೈಗೆ ಕೊಟ್ಟು ಬಂದರು. ಬಿಳಿ ಗಡ್ಡದ, ತೆಳ್ಳನೆಯ ಮನುಷ್ಯ.

"ನನ್ನ ಬಾಜೂಕ ಓಡಿದ್ದು ಆಕಿ ಗಾಡಿ. ನಾ ನೋಡೇನಿ, ಒಂದ ಸಲ ಸುದ್ದಾ ಕುದರಿ ಮ್ಯಾಲೆ ಕೈ ಎತ್ತಲಿಲ್ಲ. ಸೋತಾಂವ ನಾನು. ನನಗ ತಕರಾರಿಲ್ಲ, ನಿಮಗ್ಯಾಕ?"

ಆ ಮಾತಿಗೆ ಪಂಚರು ಒಪ್ಪಿದರು. ಅತ್ತೆಯನ್ನು ಕರೆದರು. ಗುಲಾಬಿ ಬಣ್ಣದ ರುಮಾಲು ಹಿಡಿದ ಹಿರಿಯರು ಅದನ್ನು ಹೆಂಗಸಿನ ತಲೆಗೆ ಹೇಗೆ ಕಟ್ಟುವುದೆಂದು ತಡವರಿಸಿದರು. ಅತ್ತೆ ಸೊಂಟದ ಸೆರಗು ಬಿಚ್ಚಿ ತಲೆ ತುಂಬ ಹೊದ್ದುಕೊಂಡು ಬಾಗಿದಳು.

"ಸೆರಗಿನ ಮ್ಯಾಲೆ ಕಟ್ರಿ."

ಕಟ್ಟಿದರು. ನೇಕಾರರ ಮನೆಯ ಹೆಂಗಸರು ಮಗ್ಗದಿಂದ ಹೊಸದಾಗಿ ಇಳಿಸಿದ ಒಂದು ಸೀರೆ ತಂದು ಆಕೆಯ ಉಡಿಗೆ ಹಾಕಿದರು. ಅಪ್ಪ ಮುಂದೆ ಹೋಗಿ ಶೇಂಗಾಳ ಕತ್ತು ಸವರಿದ. ಊರಿಗೆ ಮರಳಿದ ವಾರವೇ ಹಟ್ಟಿಯ ಪಕ್ಕದಲ್ಲಿ ಕುದುರೆಗೆಂದು ತಗಡಿನ ಚಪ್ಪರ ಎದ್ದಿತು. ಅಪ್ಪನ ಉತ್ತರ ಅದು.

ಶೇಂಗಾ ಇನ್ನೂ ಕೆಲವು ಚಳಿಗಾಲ ಓಡಿತು, ಗೆದ್ದದ್ದೇ ಹೆಚ್ಚು. ಹಲ್ಲು ಸವೆದ ಮೇಲೆ ಹೊಲದಲ್ಲಿ ಮೇಯ್ದುಕೊಂಡು, ಮುಪ್ಪಿನಿಂದ, ಒಂದು ಮಧ್ಯಾಹ್ನ ಬೇವಿನ ನೆರಳಿನಲ್ಲಿ ಮಲಗಿದ್ದು ಏಳಲಿಲ್ಲ. ಮಾಮಾನೂ ಆಯಿಯೂ ಈಗಿಲ್ಲ. ಕಣದ ಹಾದಿ ಡಾಂಬರಾಗಿ, ಎರಡೂ ಬದಿಗೆ ಪ್ಲಾಟುಗಳ ಕಲ್ಲು ನಿಂತಿವೆ. ನಾನು ನವನಗರದಲ್ಲಿ ಶಾಲೆಯೊಂದರಲ್ಲಿ ಕಲಿಸುತ್ತೇನೆ. ಅತ್ತೆ ನನ್ನ ಜೊತೆಗೇ ಇದ್ದಾಳೆ.

ಕಳೆದ ಚಳಿಗಾಲದಲ್ಲಿ ಹುನಗುಂದದ ಕಡೆ ನಡೆದ ಒಂದು ಶರ್ಯತ್ತಿಗೆ ಆಕೆಯನ್ನು ಕರೆದಿದ್ದರು. ಶಾಲು ಹೊದಿಸಿದರು, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದರು. ಕುದುರೆಗಳು ಎತ್ತರವಾಗಿದ್ದವು, ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಅತ್ತೆ ಬಹಳ ಖುಷಿಯಿಂದ ನೋಡಿದಳು. ಮುಗಿದ ಮೇಲೆ ಗೆದ್ದ ಕುದುರೆಯ ಹತ್ತಿರ ಹೋಗಿ ಅದರ ಮೂಗಿನ ಮುಂದೆ ಅಂಗೈ ಹಿಡಿದಳು. ಕುದುರೆ ಕಾಯುತ್ತಿದ್ದ ತರುಣ ಮರ್ಯಾದೆಯಿಂದಲೇ ಅಡ್ಡ ಬಂದ.

"ಮುಟ್ಟಬ್ಯಾಡ್ರಿ ಆಯಿ. ಹೊರಗಿನವರ ಕೈ ಅದಕ್ಕ ರೂಢಿ ಇಲ್ಲ."

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡು, ಅವನಿಗೆ ಒಳ್ಳೆಯದಾಗಲೆಂದು ಹರಸಿ ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳು ಅಮೀನಗಡ ದಾಟುವವರೆಗೆ ಹೊರಗಿನ ಹೊಲಗಳನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಅಲ್ಲ ಗಂಗವ್ವಾ, ನಮ್ಮ ಶೇಂಗಾಗ ಹೊರಗಿನವರು ಅಂತ ಯಾರಿದ್ರು?"